ಊರು ಬಿಡುವ ಹಿಂದಿನ ರಾತ್ರಿ: ‘ಅಮೆರಿಕನ್ ಗ್ರಾಫಿಟಿ’ಯ ಪಾತ್ರಗಳ ಬಗ್ಗೆ ಓದುಗರ ಪ್ರಶ್ನೆಗಳು

ಹದಿಹರೆಯದ ಹಾಸ್ಯಚಿತ್ರಗಳ ಕುರಿತು ಈ ಅಂಕಣದಲ್ಲಿ ಬರೆದ ಮೇಲೆ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಚಿತ್ರದ ಸುತ್ತ ತಿರುಗುತ್ತಿದ್ದವು. ಅದು ಜಾರ್ಜ್ ಲ್ಯೂಕಾಸ್ ನಿರ್ದೇಶಿಸಿ, ಫ್ರಾನ್ಸಿಸ್ ಫೋರ್ಡ್ ಕಪ್ಪೊಲ ನಿರ್ಮಿಸಿ, 1973ರ ಆಗಸ್ಟ್‌ನಲ್ಲಿ ತೆರೆಕಂಡ ‘ಅಮೆರಿಕನ್ ಗ್ರಾಫಿಟಿ’. ಆದ್ದರಿಂದ ಈ ಸಂಚಿಕೆಯ ಅಂಕಣವನ್ನು ಪೂರ್ತಿಯಾಗಿ ಆ ಚಿತ್ರದ ಪಾತ್ರಗಳಿಗೂ ಕಲಾವಿದರಿಗೂ ಮೀಸಲಿಟ್ಟಿದ್ದೇನೆ. ಚಿತ್ರವನ್ನು ಇನ್ನೂ ನೋಡದವರು ಗಮನಿಸಬೇಕು: ಕೊನೆಯ ದೃಶ್ಯವನ್ನು ಬಿಟ್ಟು ಈ ಪಾತ್ರಗಳ ಬಗ್ಗೆ ಮಾತನಾಡುವುದು ಸಾಧ್ಯವಿಲ್ಲ.

ಪ್ರಶ್ನೆ: ಈ ಚಿತ್ರದಲ್ಲಿ ನಾಯಕ ಯಾರು? ನಾಲ್ಕು ಹುಡುಗರ ಕತೆಗಳು ನಾಲ್ಕು ದಿಕ್ಕಿಗೆ ಹೋಗುವುದರಿಂದ ನನಗೆ ಒಂದನ್ನು ಹಿಡಿದು ನೋಡಲು ಆಗಲಿಲ್ಲ.

ಉತ್ತರ: ಒಬ್ಬನೇ ನಾಯಕನನ್ನು ಹುಡುಕಿದರೆ ನಿಮ್ಮಂತೆ ಎಲ್ಲರಿಗೂ ದಾರಿ ತಪ್ಪುತ್ತದೆ, ಏಕೆಂದರೆ ಈ ಚಿತ್ರಕ್ಕೆ ನಾಯಕ ಎಂದರೆ ಒಂದು ರಾತ್ರಿ. ಕ್ಯಾಲಿಫೋರ್ನಿಯಾದ ಮೊಡೆಸ್ಟೊ ಎಂಬ ಊರು, 1962ರ ಬೇಸಿಗೆಯ ಕೊನೆ. ಶಾಲೆ ಮುಗಿಸಿದ ಇಬ್ಬರು ಗೆಳೆಯರು ಮರುದಿನ ಬೆಳಿಗ್ಗೆ ವಿಮಾನ ಹತ್ತಿ ದೂರದ ಕಾಲೇಜಿಗೆ ಹೋಗಬೇಕು. ಸಂಜೆ ಹೊತ್ತು ಮುಳುಗುವಾಗ ಮೆಲ್ಸ್ ಡ್ರೈವ್-ಇನ್ ಎಂಬ ಉಪಾಹಾರ ಗೃಹದ ಅಂಗಳದಲ್ಲಿ ಎಲ್ಲರೂ ಸೇರುತ್ತಾರೆ, ರಾತ್ರಿಯೆಲ್ಲ ಕಾರುಗಳಲ್ಲಿ ಊರು ಸುತ್ತುತ್ತಾರೆ, ಬೆಳಕು ಹರಿದಾಗ ವಿಮಾನ ನಿಲ್ದಾಣದಲ್ಲಿ ಬೀಳ್ಕೊಡುತ್ತಾರೆ. ಕತೆ ಎಂದು ಹೇಳಬಹುದಾದದ್ದು ಇಷ್ಟೇ.

ನಾಲ್ವರನ್ನು ಮೊದಲು ನೋಡಿದಾಗ ಪ್ರತಿಯೊಬ್ಬನನ್ನೂ ಒಂದು ಮಾತಿನಲ್ಲಿ ಹೇಳಿಬಿಡಬಹುದು ಎನಿಸುತ್ತದೆ. ರಿಚರ್ಡ್ ಡ್ರೈಫಸ್ ಅಭಿನಯಿಸಿದ ಕರ್ಟ್ ಹೆಂಡರ್ಸನ್ ಬುದ್ಧಿವಂತ; ಊರಿನ ಸೇವಾಸಂಘದಿಂದ 2,000 ಡಾಲರ್ ವಿದ್ಯಾರ್ಥಿವೇತನ ಪಡೆದೂ ಹೋಗಲೋ ಬೇಡವೋ ಎಂದು ಹಿಂದೆ ಮುಂದೆ ನೋಡುವವನು. ರಾನ್ ಹೊವರ್ಡ್ ಅಭಿನಯಿಸಿದ ಸ್ಟೀವ್ ಬೊಲಾಂಡರ್ ಶಾಲೆಯ ಮಾದರಿ ಹುಡುಗ. ಹೋಗಲೇಬೇಕೆಂದು ತೀರ್ಮಾನಿಸಿ ಗೆಳೆಯನನ್ನೂ ಹುರಿದುಂಬಿಸುವವನು. ಪಾಲ್ ಲೆ ಮ್ಯಾಟ್ ಅಭಿನಯಿಸಿದ ಜಾನ್ ಮಿಲ್ನರ್ ಉಳಿದವರಿಗಿಂತ ಕೆಲವು ವರ್ಷ ದೊಡ್ಡವನು, ಕಾರು ಓಟದಲ್ಲಿ ಆ ಸುತ್ತಮುತ್ತಲಲ್ಲೇ ಸೋಲು ಕಾಣದವನು. ಚಾರ್ಲ್ಸ್ ಮಾರ್ಟಿನ್ ಸ್ಮಿತ್ ಅಭಿನಯಿಸಿದ ಟೆರ್‍ರಿ ಫೀಲ್ಡ್ಸ್‌ಗೆ ಗೆಳೆಯರೇ ಇಟ್ಟ ಅಡ್ಡಹೆಸರು ‘ಟೋಡ್’, ಅಂದರೆ ನೆಲಗಪ್ಪೆ. ದಪ್ಪ ಕನ್ನಡಕ, ಸ್ಕೂಟರು, ಹುಡುಗಿಯರ ಎದುರು ತೊದಲುವ ನಾಲಿಗೆ.

ಬೆಳಗಾಗುವ ಹೊತ್ತಿಗೆ ಈ ನಾಲ್ಕು ಮಾತುಗಳೂ ತಲೆಕೆಳಗಾಗಿರುತ್ತವೆ. ಹೋಗುತ್ತೇನೆಂದವನು ಉಳಿಯುತ್ತಾನೆ, ಉಳಿಯುತ್ತೇನೆಂದವನು ಹೋಗುತ್ತಾನೆ, ಸೋಲದವನು ತಾನು ಸೋತೆನೆಂದು ಒಪ್ಪಿಕೊಳ್ಳುತ್ತಾನೆ, ಯಾರೂ ಲೆಕ್ಕಕ್ಕಿಡದ ಹುಡುಗನನ್ನು ಒಬ್ಬ ಹುಡುಗಿ ಮನಸಾರೆ ಮೆಚ್ಚುತ್ತಾಳೆ. ಹದಿಹರೆಯದ ಚಿತ್ರಗಳಲ್ಲಿ ಸಾಮಾನ್ಯವಾಗಿ ಬುದ್ಧಿವಂತ ಬುದ್ಧಿವಂತನಾಗಿಯೇ, ಪೆದ್ದ ಪೆದ್ದನಾಗಿಯೇ ಕೊನೆಯವರೆಗೆ ಉಳಿಯುತ್ತಾನೆ. ಇಲ್ಲಿ ಒಬ್ಬೊಬ್ಬನೂ ತನ್ನ ಬಗ್ಗೆ ತಾನೇ ನಂಬಿಕೊಂಡದ್ದು ತಪ್ಪಾಗುತ್ತದೆ. ನಾಲ್ಕು ಕತೆಗಳು ಬೇರೆ ಬೇರೆ ದಿಕ್ಕಿಗೆ ಹೋಗುವಂತೆ ಕಂಡರೂ ಅವುಗಳನ್ನು ಕಟ್ಟಿದ ದಾರ ಇದೇ ಎಂದು ನಾನು ನಂಬಿದ್ದೇನೆ. ಮತ್ತೊಮ್ಮೆ ನೋಡುವಾಗ ಕತೆಯನ್ನು ಹಿಡಿಯುವ ಪ್ರಯತ್ನ ಬಿಟ್ಟು, ಒಬ್ಬ ಹುಡುಗನ ದೃಶ್ಯದಿಂದ ಮತ್ತೊಬ್ಬನ ದೃಶ್ಯಕ್ಕೆ ಹಾಡು ಹೇಗೆ ಸಾಗುತ್ತದೆ ಎಂಬುದನ್ನು ಕೇಳಿಸಿಕೊಂಡು ನೋಡಿ. ಎಲ್ಲ ಕಾರುಗಳಲ್ಲೂ ಒಂದೇ ರೇಡಿಯೊ ಕೇಂದ್ರ ನುಡಿಯುತ್ತಿರುತ್ತದೆ.

ಪ್ರಶ್ನೆ: ಈ ಪಾತ್ರಗಳು ನಿರ್ದೇಶಕರ ಸ್ವಂತ ಬಾಳಿನಿಂದ ಬಂದವು ಎಂದು ಓದಿದ್ದೇನೆ. ಅವರು ಯಾವ ಹುಡುಗ?

ಉತ್ತರ: ಒಬ್ಬನಲ್ಲ, ಮೂವರು. ಲ್ಯೂಕಾಸ್ ಹುಟ್ಟಿ ಬೆಳೆದದ್ದು ಮೊಡೆಸ್ಟೊದಲ್ಲಿ, ಅವರು ಪ್ರೌಢಶಾಲೆ ಮುಗಿಸಿದ್ದು 1962ರಲ್ಲಿ. ಶಾಲೆಗೆ ಹೊಸದಾಗಿ ಸೇರಿದ ದಿನಗಳ ತಾನು ಟೆರ್‍ರಿಯಂತೆ, ಕಾರುಗಳ ಹುಚ್ಚು ಹಿಡಿದ ನಡುವಿನ ವರ್ಷಗಳ ತಾನು ಮಿಲ್ನರ್‌ನಂತೆ, ಕಾಲೇಜಿನ ಕಡೆಗೆ ಮುಖ ಮಾಡಿದ ತಾನು ಕರ್ಟ್‌ನಂತೆ ಎಂಬ ಅರ್ಥದಲ್ಲಿ ಅವರೇ ಹೇಳಿಕೊಂಡಿದ್ದಾರೆ. 1962ರ ಜೂನ್‌ನಲ್ಲಿ, ಶಾಲೆ ಮುಗಿಯಲು ಕೆಲವೇ ದಿನ ಇರುವಾಗ, ಅವರು ಓಡಿಸುತ್ತಿದ್ದ ಪುಟ್ಟ ಇಟಾಲಿಯನ್ ಕಾರು ಭೀಕರ ಅಪಘಾತಕ್ಕೆ ಸಿಕ್ಕಿತು. ಅವರು ಬದುಕಿದ್ದೇ ಹೆಚ್ಚು. ಕಾರು ಓಟಗಾರನಾಗಬೇಕೆಂಬ ಆಸೆ ಅಲ್ಲಿಗೆ ತೀರಿತು, ಊರಿನ ಜೂನಿಯರ್ ಕಾಲೇಜಿನಲ್ಲಿ ಮಾನವಶಾಸ್ತ್ರ ಓದತೊಡಗಿದರು. ಈ ಎರಡು ಸಂಗತಿಗಳನ್ನು ಜೊತೆಗಿಟ್ಟರೆ ಚಿತ್ರದ ಎರಡು ಗುಣಗಳು ಒಟ್ಟಿಗೆ ಅರ್ಥವಾಗುತ್ತವೆ. ಕಾರಿನಲ್ಲಿ ಊರು ಸುತ್ತುವುದನ್ನು ಅದು ಒಂದು ಜನಾಂಗದ ಆಚರಣೆಯಂತೆ, ಹೆಣ್ಣು ಗಂಡು ಭೇಟಿಯಾಗುವ ವಿಧಿಯಂತೆ ತಾಳ್ಮೆಯಿಂದ ಗಮನಿಸುತ್ತದೆ. ಅದೇ ವೇಳೆಗೆ ವೇಗದ ಹಿಂದೆ ನಿಂತಿರುವ ಸಾವನ್ನೂ ಮರೆಯುವುದಿಲ್ಲ.

ಆದರೆ ಪಾತ್ರಗಳ ಮಾತಿನ ಸೊಗಸು ಪೂರ್ತಿಯಾಗಿ ಅವರದಲ್ಲ. ಚಿತ್ರಕತೆಯಲ್ಲಿ ಗ್ಲೋರಿಯಾ ಕಾಟ್ಜ್ ಮತ್ತು ವಿಲರ್ಡ್ ಹೈಕ್ ದಂಪತಿಯ ಕೈಯೂ ಇದೆ. ಈ ಹೆಸರುಗಳನ್ನು ಹೇಳದೆ ಚಿತ್ರವನ್ನು ಹೊಗಳುವುದು ನನಗೆ ಸರಿಯೆನಿಸುವುದಿಲ್ಲ.

ಪ್ರಶ್ನೆ: ನಟರು ನಿಜಕ್ಕೂ ಆ ವಯಸ್ಸಿನವರೇ? ಕೆಲವರು ಹುಡುಗರಂತೆ ಕಾಣುತ್ತಾರೆ, ಕೆಲವರು ಅಷ್ಟಾಗಿ ಅಲ್ಲ.

ಉತ್ತರ: ನಿಮ್ಮ ಕಣ್ಣು ಸರಿಯಾಗಿಯೇ ಕಂಡಿದೆ. 1972ರ ಬೇಸಿಗೆಯಲ್ಲಿ ಚಿತ್ರೀಕರಣ ನಡೆದಾಗ ರಾನ್ ಹೊವರ್ಡ್ ಮತ್ತು ಚಾರ್ಲ್ಸ್ ಮಾರ್ಟಿನ್ ಸ್ಮಿತ್ ಇಬ್ಬರಿಗೂ 18. ಸ್ಟೀವ್‌ನ ಪ್ರೇಯಸಿಯೂ ಕರ್ಟ್‌ನ ತಂಗಿಯೂ ಆದ ಲಾರಿಯ ಪಾತ್ರ ಮಾಡಿದ ಸಿಂಡಿ ವಿಲಿಯಮ್ಸ್ ಮತ್ತು ಡ್ರೈಫಸ್ 24 ದಾಟಿದ್ದರು. ಡೆಬಿಯ ಪಾತ್ರದ ಕ್ಯಾಂಡಿ ಕ್ಲಾರ್ಕ್‌ಗೆ 25, ಲೆ ಮ್ಯಾಟ್‌ಗೆ 26. ಮಿಲ್ನರ್‌ನನ್ನು ಪಂಥಕ್ಕೆ ಕರೆಯಲು ಪರವೂರಿನಿಂದ ಬರುವ ಬಾಬ್ ಫಾಲ್ಫನ ಪಾತ್ರಧಾರಿ ಹ್ಯಾರಿಸನ್ ಫೋರ್ಡ್‌ಗೆ ಚಿತ್ರೀಕರಣದ ನಡುವೆಯೇ 30 ತುಂಬಿತು. ಇನ್ನೊಂದು ತುದಿಯಲ್ಲಿ, ಮಿಲ್ನರ್‌ನ ಕಾರಿನಲ್ಲಿ ಸುತ್ತುವ ಕ್ಯಾರಲ್‌ಳ ಪಾತ್ರದ ಮೆಕೆಂಜಿ ಫಿಲಿಪ್ಸ್‌ಗೆ ಕೇವಲ 12. ಅಷ್ಟು ಚಿಕ್ಕ ಹುಡುಗಿ ರಾತ್ರಿಗಳಲ್ಲಿ ಕೆಲಸ ಮಾಡಬೇಕಾದ್ದರಿಂದ ಸಹನಿರ್ಮಾಪಕ ಗ್ಯಾರಿ ಕರ್ಟ್ಜ್ ಚಿತ್ರೀಕರಣ ಮುಗಿಯುವವರೆಗೆ ಅವಳ ಕಾನೂನುಬದ್ಧ ಪೋಷಕರಾಗಬೇಕಾಯಿತು.

ವಯಸ್ಸಿನ ಈ ಅಂತರ ಲೆ ಮ್ಯಾಟ್ ಮತ್ತು ಫೋರ್ಡ್ ವಿಷಯದಲ್ಲಿ ಚಿತ್ರಕ್ಕೆ ಒಳಿತನ್ನೇ ಮಾಡಿದೆ. ಅವರಿಬ್ಬರೂ ಉಳಿದ ಮಕ್ಕಳ ನಡುವೆ ಸ್ವಲ್ಪ ಹೆಚ್ಚು ಬೆಳೆದವರಂತೆ, ಈ ಬೀದಿಯನ್ನು ಬಿಟ್ಟು ಹೋಗಬೇಕಾಗಿದ್ದ ಕಾಲದಲ್ಲಿ ಹೋಗದವರಂತೆ ಕಾಣುತ್ತಾರೆ. ಮಿಲ್ನರ್‌ನ ಪಾತ್ರದ ನೋವು ಇರುವುದೇ ಅಲ್ಲಿ.

ಪ್ರಶ್ನೆ: ಆಗ ಯಾರಿಗೂ ಗೊತ್ತಿಲ್ಲದ ಇಷ್ಟು ಜನರನ್ನು ಒಟ್ಟಿಗೆ ಆರಿಸಿದವರು ಯಾರು? ಹ್ಯಾರಿಸನ್ ಫೋರ್ಡ್ ಟೋಪಿ ಧರಿಸಿದ್ದೇಕೆ?

ಉತ್ತರ: ಆಯ್ಕೆಯಲ್ಲಿ ಲ್ಯೂಕಾಸ್‌ಗೆ ನೆರವಾದವರು ಫ್ರೆಡ್ ರೂಸ್. ‘ದಿ ಗಾಡ್‌ಫಾದರ್’ ಚಿತ್ರದ ಪಾತ್ರವರ್ಗ ಆರಿಸಿದವರೂ ಅವರೇ. ಎಲ್ಲರೂ ಅಪರಿಚಿತರೇ ಆಗಿರಲಿಲ್ಲ. ಹೊವರ್ಡ್‌ರನ್ನು ಅಮೆರಿಕದ ಮನೆಮನೆಯವರೂ 1960ರಿಂದ 1968ರವರೆಗೆ ದೂರದರ್ಶನದ ‘ದಿ ಆಂಡಿ ಗ್ರಿಫಿತ್ ಶೋ’ನ ಪುಟ್ಟ ಹುಡುಗನಾಗಿ ಕಂಡಿದ್ದರು. ಕಣ್ಣೆದುರೇ ಬೆಳೆದ ಆ ಹುಡುಗನೇ ಊರು ಬಿಡಲು ಹೊರಟಿದ್ದಾನೆ ಎಂಬುದು ಅಂದಿನ ಪ್ರೇಕ್ಷಕರಿಗೆ ಹೇಗೆ ತಟ್ಟಿರಬಹುದೆಂದು ಊಹಿಸಿಕೊಳ್ಳಿ. ಲೆ ಮ್ಯಾಟ್ ಬಾಕ್ಸಿಂಗ್ ಆಡಿದ್ದವರು, ಅವರಿಗೆ ಚಿತ್ರರಂಗ ಹೊಸದು. ಫೋರ್ಡ್ ನಟನೆಯಿಂದ ಸಂಸಾರ ಸಾಗದೆ ಬಡಗಿ ಕೆಲಸ ಮಾಡುತ್ತಿದ್ದರು. 1962ರ ಮಾದರಿಗೆ ತಕ್ಕಂತೆ ಕೂದಲನ್ನು ತೀರ ಗಿಡ್ಡವಾಗಿ ಕತ್ತರಿಸಲು ಒಪ್ಪದೆ, ಬದಲಿಗೆ ದನಗಾಹಿಗಳ ಅಗಲ ಅಂಚಿನ ಟೋಪಿ ಹಾಕುತ್ತೇನೆ ಎಂದು ಸೂಚಿಸಿದರು. ಆ ಟೋಪಿಯಿಂದಲೇ ಫಾಲ್ಫ ಈ ಊರಿನವನಲ್ಲ ಎಂಬುದು ಬಾಯಿ ಬಿಡುವ ಮೊದಲೇ ತಿಳಿಯುತ್ತದೆ.

ಪ್ರಶ್ನೆ: ಮಿಲ್ನರ್ ಮತ್ತು ಆ ಪುಟ್ಟ ಹುಡುಗಿಯ ಭಾಗ ನನಗೆ ಎಲ್ಲಕ್ಕಿಂತ ಇಷ್ಟವಾಯಿತು. ನಕ್ಕದ್ದೂ ಅಲ್ಲೇ, ಕಣ್ಣು ತೇವವಾದದ್ದೂ ಅಲ್ಲೇ. ಅದರಲ್ಲಿ ಅಂಥದ್ದೇನಿದೆ?

ಉತ್ತರ: ನನ್ನ ಮನಸ್ಸಿಗೂ ಅತಿ ಹತ್ತಿರದ ಭಾಗ ಅದೇ, ಆದ್ದರಿಂದ ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇನೆ.

ಪಕ್ಕದಲ್ಲಿ ಸಾಗುವ ಕಾರಿನ ತುಂಬ ಹುಡುಗಿಯರನ್ನು ಕಂಡು, ಒಬ್ಬಳಾದರೂ ತನ್ನ ಕಾರಿಗೆ ಬರಲಿ ಎಂದು ಮಿಲ್ನರ್ ಕೇಳುತ್ತಾನೆ. ಅವರು ಮುಸಿಮುಸಿ ನಗುತ್ತ ಇಳಿಸಿ ಕಳಿಸುವುದು ಒಬ್ಬಳ ತಂಗಿಯನ್ನು, ಬಾಯಿ ಮುಚ್ಚದ ಕ್ಯಾರಲ್‌ಳನ್ನು. ಊರಿನ ವೀರನಿಗೆ ಇದಕ್ಕಿಂತ ದೊಡ್ಡ ಮುಜುಗರವಿಲ್ಲ. ಯಾರಾದರೂ ಕಂಡಾರೆಂದು ಅವಳನ್ನು ಸೀಟಿನಲ್ಲಿ ಕುಗ್ಗಿ ಕೂರಲು ಹೇಳುತ್ತಾನೆ. ಕ್ಯಾರಲ್‌ಳಿಗೋ ಇದು ಬದುಕಿನ ದೊಡ್ಡ ರಾತ್ರಿ. ಇಬ್ಬರೂ ಜಗಳವಾಡುತ್ತಲೇ ಒಂದು ಹಂತದಲ್ಲಿ ಜೊತೆಗಾರರಾಗುತ್ತಾರೆ: ಇನ್ನೊಂದು ಕಾರಿನವರು ನೀರು ತುಂಬಿದ ಬಲೂನು ಎಸೆದಾಗ ಅವರನ್ನು ಬೆನ್ನಟ್ಟಿ, ಮಿಲ್ನರ್ ಚಕ್ರಗಳ ಗಾಳಿ ಬಿಡುತ್ತಿದ್ದರೆ ಕ್ಯಾರಲ್ ಆ ಕಾರಿಗೆಲ್ಲ ಕ್ಷೌರದ ನೊರೆ ಬಳಿಯುತ್ತಾಳೆ. ಆ ದೃಶ್ಯದಲ್ಲಿ ಅವನೂ ಹನ್ನೆರಡರ ಹುಡುಗನೇ.

ಇದರ ಜೊತೆಗೆ ಹಾಳಾದ ಹಳೆಯ ಕಾರುಗಳ ರಾಶಿಯ ನಡುವೆ ಇಬ್ಬರೂ ನಡೆಯುವ ದೃಶ್ಯವನ್ನು ಇಟ್ಟು ನೋಡಿ. ಅಪಘಾತದಲ್ಲಿ ನುಜ್ಜುಗುಜ್ಜಾದ ಒಂದೊಂದು ಕಾರನ್ನೂ ತೋರಿಸಿ ಅದರಲ್ಲಿ ಸತ್ತವರು ಯಾರು, ತಪ್ಪು ಯಾರದು ಎಂದು ಮಿಲ್ನರ್ ಹೇಳುತ್ತ ಹೋಗುತ್ತಾನೆ. ತಾನು ಮಾತ್ರ ಈ ಜಾಗಕ್ಕೆ ಬಂದು ಬೀಳದಷ್ಟು ಚುರುಕಾಗಿದ್ದೇನೆ ಎಂಬ ಹೆಮ್ಮೆಯೂ ಆ ಮಾತಿನಲ್ಲಿದೆ. ಬೇರೆಲ್ಲೂ ದನಿ ತಗ್ಗಿಸದ ಕ್ಯಾರಲ್ ಅಲ್ಲಿ ಸುಮ್ಮನಾಗುತ್ತಾಳೆ. ಊರಿನ ಬೀದಿಯೇ ಕುಗ್ಗುತ್ತಿದೆ, ಹಿಂದೆ ಒಂದು ಸುತ್ತು ಹಾಕಲು ಗಂಟೆಗಟ್ಟಲೆ ಹಿಡಿಯುತ್ತಿತ್ತು, ಟ್ಯಾಂಕಿನ ಪೆಟ್ರೋಲು ಮುಗಿಯುತ್ತಿತ್ತು ಎಂದು ಮಿಲ್ನರ್ ಕೊರಗುವುದನ್ನೂ, ಬಡ್ಡಿ ಹಾಲಿ ಸತ್ತ ಮೇಲೆ ರಾಕ್ ಅಂಡ್ ರೋಲ್ ಸಂಗೀತವೇ ಇಳಿಮುಖವಾಯಿತು ಎನ್ನುವುದನ್ನೂ ಮರೆಯಬೇಡಿ. ಗಾಯಕ ಹಾಲಿ ವಿಮಾನ ಅಪಘಾತದಲ್ಲಿ ತೀರಿಕೊಂಡದ್ದು 1959ರ ಫೆಬ್ರುವರಿ 3ರಂದು. ಅಂದರೆ ಕತೆ ನಡೆಯುವ ಹೊತ್ತಿಗೆ ಅದು ಕೇವಲ ಮೂರೂವರೆ ವರ್ಷ ಹಳೆಯ ಸಂಗತಿ. ಆದರೂ ಮಿಲ್ನರ್‌ಗೆ ಅದು ಕಳೆದುಹೋದ ಯುಗ. 1962ನ್ನು ನೆನೆದು ಪ್ರೇಕ್ಷಕರು ನಿಟ್ಟುಸಿರು ಬಿಡುತ್ತಿರುವಾಗ, 1962ರಲ್ಲೇ ನಿಂತ ಈ ಹುಡುಗ 1958ಕ್ಕಾಗಿ ನಿಟ್ಟುಸಿರು ಬಿಡುತ್ತಾನೆ. ಹಿಂದಿನದೇ ಚೆನ್ನಾಗಿತ್ತು ಎಂಬ ಭಾವ ಎಷ್ಟು ಬೇಗ ಹುಟ್ಟುತ್ತದೆ ಎಂಬುದನ್ನು ಇಷ್ಟು ಕಡಿಮೆ ಮಾತಿನಲ್ಲಿ ಹೇಳಿದ ಹದಿಹರೆಯದ ಚಿತ್ರ ನನಗೆ ಬೇರೆ ನೆನಪಿಗೆ ಬರುತ್ತಿಲ್ಲ.

ಕೊನೆಗೆ ಅವಳ ಮನೆಯ ವಿಳಾಸವನ್ನು ಉಪಾಯದಿಂದ ಬಾಯಿ ಬಿಡಿಸಿ ಕರೆದುಕೊಂಡು ಹೋಗಿ ಬಿಟ್ಟಾಗ, ನೆನಪಿಗೆಂದು ಅವನು ಅವಳ ಕೈಗಿಡುವುದು ತನ್ನ ಕಾರಿನ ಗೇರಿನ ಗುಂಡಿಯನ್ನು. ಕಾರೇ ಸರ್ವಸ್ವವಾದವನು ಅದರದೇ ಒಂದು ತುಂಡನ್ನು ಕೊಡುತ್ತಾನೆ. ಲೆ ಮ್ಯಾಟ್ ಅದನ್ನು ಏನೂ ಅಲ್ಲವೆಂಬಂತೆ ಕೊಡುತ್ತಾರೆ. ಆ ಉದಾಸೀನದ ಒಳಗೆ ಎಷ್ಟು ಮಮತೆಯಿದೆ ಎಂಬುದು ಮೆಕೆಂಜಿ ಫಿಲಿಪ್ಸ್‌ರ ಮುಖದಲ್ಲಿ ಕಾಣುತ್ತದೆ. ಲೆ ಮ್ಯಾಟ್‌ಗೆ ಈ ಪಾತ್ರಕ್ಕಾಗಿ ಭರವಸೆಯ ಹೊಸ ನಟನೆಂಬ ಗೋಲ್ಡನ್ ಗ್ಲೋಬ್ ದೊರಕಿತು, ಅದು ಸಲ್ಲಬೇಕಾದವರಿಗೇ ಸಂದಿತು.

ಪ್ರಶ್ನೆ: ಟೆರ್‍ರಿಯ ಪಾತ್ರವನ್ನು ನೋಡಿ ನಗುವಾಗ ನನಗೆ ಸಂಕೋಚವಾಯಿತು. ದುರ್ಬಲ ಹುಡುಗನನ್ನು ಗೇಲಿ ಮಾಡುವುದು ಹಾಸ್ಯವೇ?

ಉತ್ತರ: ನಿಮ್ಮ ಸಂಕೋಚ ಗೌರವಕ್ಕೆ ಅರ್ಹವಾದದ್ದು, ಆದರೆ ಈ ಚಿತ್ರ ಅವನನ್ನು ಗೇಲಿ ಮಾಡುವುದಿಲ್ಲ ಎಂದೇ ನನ್ನ ಎಣಿಕೆ. ಆರಂಭದಲ್ಲಿ ಅವನು ಸ್ಕೂಟರನ್ನು ನಿಲ್ಲಿಸಲಾಗದೆ ಹೋಗಿ ಡಿಕ್ಕಿ ಹೊಡೆಯುತ್ತಾನಲ್ಲ, ಅದು ಬರೆದ ದೃಶ್ಯವೇ ಅಲ್ಲ. ಸ್ಮಿತ್‌ಗೆ ನಿಜಕ್ಕೂ ಹಿಡಿತ ತಪ್ಪಿತು, ಪಾತ್ರದಿಂದ ಹೊರಬರದೆ ಅವರು ಅಭಿನಯ ಮುಂದುವರಿಸಿದರು, ಲ್ಯೂಕಾಸ್ ಅದನ್ನು ಹಾಗೆಯೇ ಉಳಿಸಿಕೊಂಡರು. ಅದಾದ ತುಸು ಹೊತ್ತಿಗೆ ಸ್ಟೀವ್ ತನ್ನ ಬಿಳಿಯ ಇಂಪಾಲ ಕಾರನ್ನು ತಾನು ಇಲ್ಲದಾಗ ನೋಡಿಕೊಳ್ಳಲು ಟೆರ್‍ರಿಗೆ ವಹಿಸುತ್ತಾನೆ, ಹುಡುಗನ ಕಣ್ಣಲ್ಲಿ ನೀರು ಬರುತ್ತದೆ. ನಗು ಮತ್ತು ಆ ಕಣ್ಣೀರು ಇಷ್ಟು ಹತ್ತಿರ ಬಂದ ಮೇಲೆ ಅವನನ್ನು ಕೀಳಾಗಿ ನೋಡುವುದು ಪ್ರೇಕ್ಷಕನಿಗೆ ಸಾಧ್ಯವಾಗುವುದಿಲ್ಲ.

ಆ ಕಾರಿನ ಬಲದಿಂದಲೇ ಅವನಿಗೆ ಡೆಬಿಯ ಸ್ನೇಹ ಸಿಗುತ್ತದೆ. ತನ್ನನ್ನು ಎಲ್ಲರೂ ಹುಲಿ ಎಂದು ಕರೆಯುತ್ತಾರೆ ಎಂಬಲ್ಲಿಂದ ಆರಂಭಿಸಿ ಸುಳ್ಳಿನ ಮೇಲೆ ಸುಳ್ಳು ಹೇಳುತ್ತಾನೆ. ಮದ್ಯ ಕೊಳ್ಳುವ ವಯಸ್ಸಾಗಿಲ್ಲದೆ ಅಂಗಡಿಯ ಮುಂದೆ ಪಡಬಾರದ ಪಾಡು ಪಡುತ್ತಾನೆ, ಕಾರು ಕಳವಾಗುತ್ತದೆ, ಅದನ್ನು ಮರಳಿ ಪಡೆಯಲು ಹೋಗಿ ಏಟು ತಿನ್ನುತ್ತಾನೆ, ಮಿಲ್ನರ್ ಬಂದು ಬಿಡಿಸುತ್ತಾನೆ. ಎಲ್ಲ ಮುಗಿದ ಮೇಲೆ ಕಾರು ತನ್ನದಲ್ಲ, ತನಗಿರುವುದು ಬರೀ ಸ್ಕೂಟರು ಎಂದು ಒಪ್ಪಿಕೊಂಡಾಗ, ಸ್ಕೂಟರು ಎಂದರೆ ಹೆಚ್ಚುಕಡಿಮೆ ಮೋಟಾರ್‌ಸೈಕಲ್ಲೇ ತಾನೆ, ತನಗೆ ಅದು ಬಹಳ ಇಷ್ಟ ಎನ್ನುತ್ತಾಳೆ ಡೆಬಿ. ಕ್ಯಾಂಡಿ ಕ್ಲಾರ್ಕ್ ಆ ಮಾತನ್ನು ಕರುಣೆಯಿಂದ ಆಡುವುದಿಲ್ಲ, ನಿಜವಾದ ಸಂತೋಷದಿಂದ ಆಡುತ್ತಾರೆ. ಅವಳನ್ನು ಪೆದ್ದಿಯಾಗಿ ಚಿತ್ರಿಸುವುದು ಬಹು ಸುಲಭವಾಗಿತ್ತು. ಕ್ಲಾರ್ಕ್ ಅವಳನ್ನು ಆ ರಾತ್ರಿಯ ಅತ್ಯಂತ ಉದಾರ ಮನಸ್ಸಿನವಳನ್ನಾಗಿ ಮಾಡಿದರು. ಇಡೀ ಪಾತ್ರವರ್ಗದಲ್ಲಿ ಆಸ್ಕರ್ ನಾಮನಿರ್ದೇಶನ ಪಡೆದವರು ಅವರೊಬ್ಬರೇ. ಚಿತ್ರಕ್ಕೆ ಒಟ್ಟು 5 ನಾಮನಿರ್ದೇಶನಗಳು ಸಿಕ್ಕವು, ಒಂದೂ ಪ್ರಶಸ್ತಿಯಾಗಲಿಲ್ಲ. ಪೋಷಕ ನಟಿಯ ಪ್ರಶಸ್ತಿ ಆ ಸಲ ‘ಪೇಪರ್ ಮೂನ್’ ಚಿತ್ರದ ಹತ್ತು ವರ್ಷದ ಬಾಲೆ ಟೇಟಮ್ ಓನೀಲ್ ಪಾಲಾಯಿತು.

ಪ್ರಶ್ನೆ: ರೇಡಿಯೊದಲ್ಲಿ ತೋಳದಂತೆ ಕೂಗುವ ವುಲ್ಫ್‌ಮನ್ ಜ್ಯಾಕ್ ನಿಜವಾದ ವ್ಯಕ್ತಿಯೇ?

ಉತ್ತರ: ಹೌದು, ಅವರು ತಮ್ಮದೇ ಪಾತ್ರದಲ್ಲಿ ಅಭಿನಯಿಸಿದ್ದಾರೆ. ನಿಜನಾಮ ರಾಬರ್ಟ್ ಸ್ಮಿತ್, ಜನನ 1938, ಮರಣ 1995. ಅಮೆರಿಕದ ಕಾನೂನು ಪ್ರಸಾರದ ಶಕ್ತಿಗೆ ಮಿತಿ ಹಾಕಿದ್ದರಿಂದ, ಗಡಿಯಾಚೆ ಮೆಕ್ಸಿಕೊದ ಭೂಮಿಯಲ್ಲಿ ನಿಂತ ಪ್ರಬಲ ಕೇಂದ್ರಗಳಿಂದ ಅವರ ದನಿ ಕತ್ತಲಾದ ಮೇಲೆ ಅಮೆರಿಕದ ಬಹುದೂರದ ಊರುಗಳಿಗೂ ತಲುಪುತ್ತಿತ್ತು. ಮುಖ ಕಾಣದ ಆ ದನಿಯ ಬಗ್ಗೆ ಹುಡುಗರಲ್ಲಿ ನಾನಾ ದಂತಕತೆಗಳಿದ್ದವು, ಚಿತ್ರದ ಹುಡುಗರೂ ಅವನು ಎಲ್ಲಿಂದ ಮಾತನಾಡುತ್ತಾನೆಂದು ಬಗೆಬಗೆಯಾಗಿ ಊಹಿಸುತ್ತಾರೆ.

ಕರ್ಟ್ ಕೊನೆಗೆ ಊರಾಚೆಯ ಪ್ರಸಾರ ಕೇಂದ್ರಕ್ಕೆ ಹೋದಾಗ ಅಲ್ಲಿ ಸಿಗುವುದು, ಶೀತಕ ಪೆಟ್ಟಿಗೆ ಕೆಟ್ಟು ಕರಗುತ್ತಿರುವ ಐಸ್‌ಕ್ಯಾಂಡಿ ತಿನ್ನುತ್ತ ಕುಳಿತ ಒಬ್ಬ ಸಾಧಾರಣ ಮನುಷ್ಯ. ವುಲ್ಫ್‌ಮನ್ ಇಲ್ಲಿಲ್ಲ, ನಾವು ಬರೀ ಧ್ವನಿಮುದ್ರಿಕೆ ಹಾಕುತ್ತೇವೆ ಎನ್ನುತ್ತಾನೆ. ಹೊರಗಿನ ಪ್ರಪಂಚ ದೊಡ್ಡದು, ಹೋಗಿ ನೋಡು ಎಂದು ಹುಡುಗನಿಗೆ ಬುದ್ಧಿ ಹೇಳುತ್ತಾನೆ. ಹೊರಡುವಾಗ ಕರ್ಟ್ ತಿರುಗಿ ನೋಡಿದರೆ ಗಾಜಿನಾಚೆ ಮೈಕಿನ ಮುಂದೆ ಕೂಗುತ್ತಿರುವವನು ಅದೇ ಮನುಷ್ಯ. ಇದೇ ರಾತ್ರಿ ಶಾಲೆಯ ನೃತ್ಯಕೂಟದಲ್ಲಿ ಕರ್ಟ್ ಒಬ್ಬ ಉಪಾಧ್ಯಾಯರನ್ನೂ ಭೇಟಿಯಾಗಿರುತ್ತಾನೆ. ದೂರದ ಕಾಲೇಜಿಗೆ ಹೋಗಿ, ಒಂದೇ ಸೆಮಿಸ್ಟರ್ ಮುಗಿಸಿ, ಹಿಂದಿರುಗಿ ಬಂದವರು ಅವರು. ಹೋಗಿ ಮರಳಿದವರ ಮುಖವನ್ನು ಮೊದಲು ತೋರಿಸಿ, ಹೋಗು ಎಂದು ಹೇಳುವ ದನಿಯನ್ನು ಆಮೇಲೆ ಕೇಳಿಸಿದ್ದರಿಂದ ಕರ್ಟ್‌ನ ತೀರ್ಮಾನ ಹುಡುಗಾಟದ ಉತ್ಸಾಹವಾಗಿ ಕಾಣದೆ, ತಿಳಿದು ಮಾಡಿದ ಆಯ್ಕೆಯಾಗಿ ಕಾಣುತ್ತದೆ.

ಪ್ರಶ್ನೆ: ಕೊನೆಯಲ್ಲಿ ತೆರೆಯ ಮೇಲೆ ನಾಲ್ಕು ಹುಡುಗರ ಮುಂದಿನ ಗತಿ ಬರೆದು ತೋರಿಸುತ್ತಾರೆ. ಹುಡುಗಿಯರ ಹೆಸರೇ ಇಲ್ಲವಲ್ಲ?

ಉತ್ತರ: ಇಲ್ಲ, ಮತ್ತು ಇದು ಚಿತ್ರದ ನಿಜವಾದ ಕೊರತೆ. ಜಾನ್ ಮಿಲ್ನರ್ 1964ರ ಡಿಸೆಂಬರ್‌ನಲ್ಲಿ ಕುಡಿದು ವಾಹನ ಓಡಿಸಿದವನಿಂದ ಸತ್ತ. ಟೆರ್‍ರಿ ಫೀಲ್ಡ್ಸ್ 1965ರ ಡಿಸೆಂಬರ್‌ನಲ್ಲಿ ವಿಯೆಟ್ನಾಮಿನ ಅನ್ ಲೋಕ್ ಬಳಿ ಯುದ್ಧದಲ್ಲಿ ಕಾಣೆಯಾದ. ಸ್ಟೀವ್ ಮೊಡೆಸ್ಟೊದಲ್ಲಿ ವಿಮಾ ಏಜೆಂಟ್. ಕರ್ಟ್ ಕೆನಡಾದಲ್ಲಿ ನೆಲೆಸಿದ ಬರಹಗಾರ. ಇಷ್ಟರಿಂದಲೇ ನಗುತ್ತಿದ್ದ ಚಿತ್ರದ ಮೇಲೆ ಅದರ ಮುಂದಿನ ದಶಕದ ನೆರಳು ಪೂರ್ತಿಯಾಗಿ ಬೀಳುತ್ತದೆ. ಹಳೆಯ ಕಾರುಗಳ ರಾಶಿಯ ನಡುವೆ ಮಿಲ್ನರ್ ಆಡಿದ ಹೆಮ್ಮೆಯ ಮಾತನ್ನು ಈ ಒಂದು ಸಾಲಿನ ಪಕ್ಕದಲ್ಲಿಟ್ಟು ಓದಿದರೆ ಎದೆ ಹಿಡಿದಂತಾಗುತ್ತದೆ: ಅವನನ್ನು ಕೊಂದದ್ದು ಅವನ ವೇಗವಲ್ಲ, ಇನ್ನೊಬ್ಬನ ಅಮಲು.

ಆದರೆ ಲಾರಿ, ಡೆಬಿ, ಕ್ಯಾರಲ್ ಏನಾದರು? ವಿಮರ್ಶಕಿ ಪಾಲಿನ್ ಕೇಲ್ ಈ ಲೋಪವನ್ನು ಚಿತ್ರ ಬಂದ ಕಾಲದಲ್ಲೇ ಖಂಡಿಸಿದ್ದರು, ಅವರ ಆಕ್ಷೇಪ ಇಂದಿಗೂ ಸರಿಯಾಗಿದೆ. ವಿಶೇಷವಾಗಿ ಲಾರಿಗೆ ಅನ್ಯಾಯವಾಗಿದೆ. ಅವಳನ್ನು ಬರೀ ಹಿಡಿದು ಜಗ್ಗುವ ಪ್ರೇಯಸಿ ಎಂದು ಕೆಲವು ಪತ್ರಗಳು ಬಣ್ಣಿಸಿವೆ, ನಾನು ಒಪ್ಪುವುದಿಲ್ಲ. ದೂರ ಹೋದ ಮೇಲೆ ಇಬ್ಬರೂ ಬೇರೆಯವರೊಡನೆ ಸುತ್ತಾಡಬಹುದು ಎಂದು ಸ್ಟೀವ್ ಉದಾರನಂತೆ ಸೂಚಿಸಿದಾಗ, ಆ ಔದಾರ್ಯದ ಒಳಗಿನ ಸ್ವಾರ್ಥವನ್ನು ಅವಳು ಕ್ಷಣದಲ್ಲೇ ಗುರುತಿಸುತ್ತಾಳೆ. ನೃತ್ಯಕೂಟದಲ್ಲಿ ಎಲ್ಲರ ಕಣ್ಣೆದುರು, ಬೆಳಕಿನ ವೃತ್ತದ ನಡುವೆ ಅವನೊಡನೆ ಕುಣಿಯಬೇಕಾಗಿ ಬಂದಾಗ, ಮುಖದಲ್ಲಿ ನಗು ಉಳಿಸಿಕೊಂಡು ಪಿಸುಮಾತಿನಲ್ಲಿ ಜಗಳವಾಡುತ್ತಾಳೆ. ಇಬ್ಬರ ಪ್ರೀತಿಯಲ್ಲಿ ಮೊದಲ ಹೆಜ್ಜೆ ಇಟ್ಟವಳು ತಾನೇ ಎಂಬುದನ್ನು ನೆನಪಿಸುತ್ತಾಳೆ. ಸಿಂಡಿ ವಿಲಿಯಮ್ಸ್ ಆ ದೃಶ್ಯದಲ್ಲಿ ಕೋಪ, ಅವಮಾನ, ಪ್ರೀತಿ ಮೂರನ್ನೂ ಒಂದೇ ಉಸಿರಿನಲ್ಲಿ ಹಿಡಿದಿದ್ದಾರೆ. ಇಂಥವಳ ಮುಂದಿನ ಬಾಳಿಗೆ ಒಂದು ಸಾಲು ಮೀಸಲಿಡಲಾಗದಷ್ಟು ತೆರೆ ಚಿಕ್ಕದಾಗಿರಲಿಲ್ಲ.

ಪ್ರಶ್ನೆ: ಕಾರುಗಳೂ ಪಾತ್ರಗಳೇ ಎನ್ನುತ್ತಾರೆ. ಯಾವ ಕಾರು ಯಾರದು?

ಉತ್ತರ: ಮಿಲ್ನರ್‌ನದು ಹಳದಿ ಬಣ್ಣದ 1932ರ ಫೋರ್ಡ್ ಕೂಪೆ, ಅದರ ಫಲಕದ ಮೇಲಿನ ಅಕ್ಷರಗಳು ಲ್ಯೂಕಾಸ್‌ರ ಮೊದಲ ಚಿತ್ರದ ಹೆಸರನ್ನು ನೆನಪಿಸುತ್ತವೆ. ಫಾಲ್ಫನದು ಕಪ್ಪು 1955ರ ಶೆವ್ರೊಲೆ, ಸ್ಟೀವ್‌ನದು 1958ರ ಇಂಪಾಲ, ಲಾರಿಯದು ಎಡ್ಸೆಲ್, ಕರ್ಟ್‌ನದು ಬಡಕಲು ಸಿಟ್ರನ್, ಟೆರ್‍ರಿಯದು ವೆಸ್ಪ. ಕರ್ಟ್‌ನನ್ನು ಎಳೆದೊಯ್ದು ಪೊಲೀಸ್ ಕಾರಿನ ಅಚ್ಚಿಗೆ ಸರಪಳಿ ಕಟ್ಟಿಸುವ ‘ಫೇರೋಗಳು’ ಎಂಬ ಪುಂಡರ ಗುಂಪಿಗೆ 1951ರ ಮರ್ಕ್ಯುರಿ. ಮುಂಜಾವಿನ ಓಟದಲ್ಲಿ ಫಾಲ್ಫನ ಕಾರು ಉರುಳಿ ಹೊತ್ತಿಕೊಂಡ ಮೇಲೆ, ಟಯರು ಸಿಡಿಯದಿದ್ದರೆ ತಾನೇ ಸೋಲುತ್ತಿದ್ದೆ ಎಂದು ಮಿಲ್ನರ್ ಒಪ್ಪಿಕೊಳ್ಳುವುದು ಟೆರ್‍ರಿಯ ಮುಂದೆ. ಇಲ್ಲ, ನೀನೇ ಯಾವಾಗಲೂ ಮೊದಲಿಗ ಎಂದು ಟೆರ್‍ರಿ ಪಟ್ಟು ಹಿಡಿಯುತ್ತಾನೆ. ಮಿಲ್ನರ್ ಅವನಿಗೋಸ್ಕರ ಮತ್ತೆ ಆ ವೇಷ ತೊಡುತ್ತಾನೆ. ಆ ಇಬ್ಬರ ಹೆಸರುಗಳೇ ಕೊನೆಯ ಫಲಕದಲ್ಲಿ ಸಾವು ಮತ್ತು ಕಣ್ಮರೆಯೊಡನೆ ಬರುತ್ತವೆ ಎಂಬುದನ್ನು ತಿಳಿದು ಆ ದೃಶ್ಯವನ್ನು ಎರಡನೆಯ ಸಲ ನೋಡಿ.

ಪ್ರಶ್ನೆ: ಈ ಕಲಾವಿದರು ಮುಂದೆ ಏನಾದರು? ಎರಡನೆಯ ಭಾಗ ಬಂದಿದೆಯೇ?

ಉತ್ತರ: ಡ್ರೈಫಸ್ 1975ರಲ್ಲಿ ‘ಜಾಸ್’ ಮಾಡಿದರು, 1977ರ ‘ದಿ ಗುಡ್‌ಬೈ ಗರ್ಲ್’ ಚಿತ್ರಕ್ಕೆ ಆಸ್ಕರ್ ಪಡೆದರು. ಹೊವರ್ಡ್ 1974ರಲ್ಲಿ ಆರಂಭವಾದ ‘ಹ್ಯಾಪಿ ಡೇಸ್’ ಧಾರಾವಾಹಿಯ ಮೂಲಕ ಮನೆಮಾತಾಗಿ, ಆಮೇಲೆ ನಿರ್ದೇಶಕರಾಗಿ ‘ಎ ಬ್ಯೂಟಿಫುಲ್ ಮೈಂಡ್’ ಚಿತ್ರಕ್ಕೆ ಆಸ್ಕರ್ ಗಳಿಸಿದರು. ಸಿಂಡಿ ವಿಲಿಯಮ್ಸ್‌ಗೆ ‘ಲಾವರ್ನ್ ಅಂಡ್ ಶರ್ಲಿ’, ಮೆಕೆಂಜಿ ಫಿಲಿಪ್ಸ್‌ಗೆ ‘ಒನ್ ಡೇ ಅಟ್ ಎ ಟೈಮ್’ ಧಾರಾವಾಹಿಗಳು ಹೆಸರು ತಂದವು. ಸ್ಮಿತ್ ನಟಿಸುತ್ತಲೇ ನಿರ್ದೇಶನಕ್ಕೂ ಇಳಿದರು. ಫೋರ್ಡ್ ಬಗ್ಗೆ ಬೇರೆ ಹೇಳಬೇಕಿಲ್ಲ. ಲೆ ಮ್ಯಾಟ್ ‘ಮೆಲ್ವಿನ್ ಅಂಡ್ ಹೊವರ್ಡ್’ ಎಂಬ 1980ರ ಚಿತ್ರದಲ್ಲಿ ಮತ್ತೊಮ್ಮೆ ಮನ ಗೆದ್ದರೂ ಅವರ ಪ್ರತಿಭೆಗೆ ತಕ್ಕಷ್ಟು ಪಾತ್ರಗಳು ಸಿಗಲಿಲ್ಲ ಎಂಬ ಬೇಸರ ನನಗಿದೆ. ಎರಡನೆಯ ಭಾಗ 1979ರಲ್ಲಿ ಬಂತು. ಡ್ರೈಫಸ್ ಅದರಲ್ಲಿಲ್ಲ, ಫೋರ್ಡ್ ಪೊಲೀಸನಾಗಿ ಕ್ಷಣಕಾಲ ಕಾಣಿಸಿಕೊಳ್ಳುತ್ತಾರೆ. ಮೊದಲ ಚಿತ್ರ ಒಂದೊಂದು ಸಾಲಿನಲ್ಲಿ ಮುಗಿಸಿದ್ದನ್ನು ಅದು ಬಿಡಿಸಿ ಹೇಳಲು ಹೋಯಿತು, ಅದರ ಅಗತ್ಯವಿರಲಿಲ್ಲ.

ಪ್ರಶ್ನೆ: ಬಿಳಿಯ ಕಾರಿನ ಆ ಹೆಂಗಸು ಯಾರು? ಕರ್ಟ್ ಅವಳನ್ನು ಕಡೆಗೂ ಭೇಟಿಯಾಗಲಿಲ್ಲವೇ?

ಉತ್ತರ: ಪಾತ್ರಧಾರಿ ಸುಝಾನ್ ಸೋಮರ್ಸ್, ಕಾರು 1956ರ ಥಂಡರ್‌ಬರ್ಡ್. ಪಾತ್ರಕ್ಕೆ ಹೆಸರೇ ಇಲ್ಲ. ಸಿಗ್ನಲ್ ಬಳಿ ಪಕ್ಕದಲ್ಲಿ ನಿಂತ ಕಾರಿನಿಂದ ಅವಳು ಕರ್ಟ್‌ನ ಕಡೆ ತಿರುಗಿ, ಗಾಜಿನ ಹಿಂದಿನಿಂದ ಏನೋ ಹೇಳುತ್ತಾಳೆ, ಪ್ರೀತಿಯ ಮಾತೆಂದು ಅವನು ನಂಬುತ್ತಾನೆ, ರಾತ್ರಿಯೆಲ್ಲ ಹುಡುಕುತ್ತಾನೆ. ವುಲ್ಫ್‌ಮನ್ ರೇಡಿಯೊದಲ್ಲಿ ಅವನ ಸಂದೇಶ ಓದಿದ ಮೇಲೆ, ಬೆಳಗಿನ ಜಾವ ಬೀದಿಬದಿಯ ದೂರವಾಣಿ ಪೆಟ್ಟಿಗೆಗೆ ಅವಳ ಕರೆ ಬರುತ್ತದೆ. ಇವತ್ತು ರಾತ್ರಿ ಮತ್ತೆ ಅದೇ ಬೀದಿಯಲ್ಲಿ ಸುತ್ತುತ್ತಿರುತ್ತೇನೆ ಎನ್ನುತ್ತಾಳೆ. ತಾನು ಇರುವುದಿಲ್ಲವೆಂದು ಅವನು ಹೇಳಬೇಕಾಗುತ್ತದೆ. ಆಮೇಲೆ ವಿಮಾನ ಮೇಲೇರಿದಾಗ ಕಿಟಕಿಯಿಂದ ಕೆಳಗೆ ನೋಡುತ್ತಾನೆ: ರಸ್ತೆಯಲ್ಲಿ ಒಂದು ಬಿಳಿಯ ಕಾರು, ವಿಮಾನ ಹೋಗುವ ದಿಕ್ಕಿಗೇ ಹೋಗುತ್ತಿದೆ.